ಗೋಡೆಯಾಚೆಯ ಸಾಕ್ಷಿ

ಇದು ನಡೆದದ್ದು ಹಾಡಹಗಲಿನಲ್ಲಿ, ಪಿಂಚಣಿ ಕಚೇರಿಯ ಮೂರನೆಯ ಮಹಡಿಯಲ್ಲಿ. ಯುದ್ಧಕೈದಿಯಾಗಿದ್ದ ದೊಡ್ಡಪ್ಪನನ್ನು ಅಲ್ಲಿಗೆ ನಾನೇ ಕರೆದುಕೊಂಡು ಹೋಗಿದ್ದೆ.

"ಸೆರೆಯಲ್ಲೇ ಕಾಲು ಮುರೀತು ಅಂತೀರಿ. ಕಂಡವರು ಯಾರಾದ್ರೂ ಬಂದು ಹೇಳ್ಬೇಕಲ್ಲ ಯಜಮಾನ್ರೇ, ಇಲ್ದಿದ್ರೆ ಪಿಂಚಣಿ ಕಷ್ಟ" ಎಂದರು ಗುಮಾಸ್ತರು.

"ಪಕ್ಕದ ಕೋಣೇಲಿ ಒಬ್ಬನಿದ್ದ. ಮುಖ ನೋಡಿಲ್ಲ. ಗೋಡೆ ತಟ್ಟಿ ಮಾತಾಡ್ತಿದ್ವಿ."

"ಏನಂತ?"

"ಎರಡು ಸಲ ತಟ್ಟಿದ್ರೆ, ಊಟ ಆಯ್ತಾ ಅಂತ. ಒಂದು ಸಲ ತಟ್ಟಿದ್ರೆ, ಆಯ್ತು ಅಂತ. ಊಟ ಎಲ್ಲಿತ್ತು ಸ್ವಾಮಿ? ಇಬ್ರೂ ಸುಳ್ಳು ಬಿಡ್ತಿದ್ವಿ."

"ಸರಿಹೋಯ್ತು! ಗೋಡೇನ ಸಾಕ್ಷಿಗೆ ಕರೆಯೋಕಾಗುತ್ತಾ?" ಗುಮಾಸ್ತರು ನಕ್ಕರು.

ದೊಡ್ಡಪ್ಪ ಬೆಂಚಿನ ಹಿಂದಿನ ಗೋಡೆಯನ್ನು ಎರಡು ಸಲ ತಟ್ಟಿದರು.

ಆ ಕಡೆಯಿಂದ ಯಾರೋ ಒಂದು ಸಲ ತಟ್ಟಿದರು.

ಗುಮಾಸ್ತರ ನಗು ನಿಂತಿತು. ನಾನು ಗೋಡೆ ಮುಟ್ಟಿ ನೋಡಿದೆ. ಎಲ್ಲೆಡೆ ತಣ್ಣಗಿತ್ತು, ಒಂದು ಬೆನ್ನಿನಷ್ಟು ಅಗಲ ಮಾತ್ರ ಬೆಚ್ಚಗಿತ್ತು. ದೊಡ್ಡಪ್ಪ ಅಲ್ಲಿಗೇ ಕೆನ್ನೆಯಾನಿಸಿ, "ಸುಳ್ಳ ಕಣೋ ನೀನು" ಎಂದರು. ಅಷ್ಟು ಮೆತ್ತಗೆ ಅವರು ಮನೆಯಲ್ಲಿ ಯಾರೊಂದಿಗೂ ಮಾತಾಡಿದ್ದಿಲ್ಲ.

ಕೆಳಗಿಳಿದು ಬೀದಿಯಿಂದ ನೋಡಿದೆ. ಆ ಗೋಡೆಯಾಚೆ ಕೋಣೆಯೂ ಇಲ್ಲ, ಬಾಲ್ಕನಿಯೂ ಇಲ್ಲ, ಬರೀ ಬಯಲು.

ಪಿಂಚಣಿ ಬರಲಿಲ್ಲ. ಆದರೂ ದೊಡ್ಡಪ್ಪ ಬದುಕಿರುವವರೆಗೂ, "ನಡಿಯಮ್ಮ, ಅವನು ಕಾಯ್ತಿರ್ತಾನೆ" ಎಂದು ನನ್ನನ್ನು ಎಬ್ಬಿಸಿಕೊಂಡು ಹೋಗಿ ಅದೇ ಬೆಂಚಿನಲ್ಲಿ ಕೂರುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಅವನಿಗೆ ತಿಳಿಸಲು ಮೊನ್ನೆ ಒಬ್ಬಳೇ ಆ ಕಚೇರಿಗೆ ಹೋಗಿದ್ದೆ. ಬೆಂಚಿನಲ್ಲಿ ಕೂತೆ. ಬೆನ್ನ ಹಿಂದೆ ಗೋಡೆ ಎರಡು ಸಲ ಸದ್ದು ಮಾಡಿತು.

ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಒಂದು ಸಲ ತಟ್ಟಿದೆ.