ಬಾಣಲೆ ಇಡದ ಮನೆ

ಕೋಸಿಮೊ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ತಟ್ಟೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಅಂಚಿನಲ್ಲಿ ಪಾಕದ ಕಂದು ಕಲೆ. ಚಳಿಗೆ ಅವನ ಕಿವಿಗಳು ಕೆಂಪಾಗಿದ್ದವು.

"ಅಮ್ಮ ಕಳಿಸಿದ್ದಾಳೆ," ಎಂದ.

"ಹೋದ ವರ್ಷಾನೂ ಇದನ್ನೇ ಹೇಳ್ದೆ," ಎಂದಳು ಸೆರಫೀನಾ.

"ಹೋದ ವರ್ಷಾನೂ ಅಮ್ಮನೇ ಕಳಿಸಿದ್ದು. ನಾನು ಬರೀ ಕಾಲು."

"ಕಾಲಿಗೆ ಈ ಸಲ ಮೀಸೆ ಬಂದಿದೆ."

ಅವನ ಕೈ ತಾನಾಗಿ ಮೀಸೆಗೆ ಹೋಯಿತು. "ಚೆನ್ನಾಗಿಲ್ವಾ?"

"ಚೆನ್ನಾಗಿಲ್ಲ ಅಂತ ಯಾರಂದ್ರು?"

ಅವಳು ಆ ಮೀಸೆಯನ್ನು ನೋಡಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

ಆ ಗುಡ್ಡದೂರಿನಲ್ಲಿ ಸಾವಾದ ಮನೆಯವರು ಕ್ರಿಸ್ಮಸ್ಸಿಗೆ ಎಣ್ಣೆಯ ಬಾಣಲೆ ಇಡುವುದಿಲ್ಲ. ಉಳಿದೆಲ್ಲ ಮನೆಗಳಲ್ಲಿ ತುರ್ದಿಲ್ಲಿ ಎಂಬ ಸಿಹಿತಿಂಡಿ ಕರಿಯುತ್ತಾರೆ. ದ್ರಾಕ್ಷಾರಸ, ಆಲಿವ್ ಎಣ್ಣೆ ಹಾಕಿ ಕಲಸಿದ ಹಿಟ್ಟನ್ನು ತುಂಡು ಮಾಡಿ, ಬುಟ್ಟಿಯ ಬೆನ್ನಿಗೆ ಒತ್ತಿ ಗೆರೆ ಮೂಡಿಸಿ, ಕರಿದು, ಅಂಜೂರದ ಪಾಕದಲ್ಲಿ ಹೊರಳಿಸುತ್ತಾರೆ. ಶೋಕದ ಮನೆಯವರು ಬರೀ ವಾಸನೆ ಕುಡಿದುಕೊಂಡು ಕೂರಬಾರದೆಂದು ನೆರೆಯವರು ತಟ್ಟೆ ತುಂಬಿ ಕೊಟ್ಟುಬರುತ್ತಾರೆ. ಒಂದು ವರ್ಷ ಅಷ್ಟೆ. ಆದರೆ ಸೆರಫೀನಾಳ ಅಪ್ಪ ಬ್ರೂನೊ, ಇದ್ದಿಲು ಸುಡುವ ಹೊಗೆಯಲ್ಲೇ ಬದುಕಿ ಎದೆ ಕೆಡಿಸಿಕೊಂಡು ಸತ್ತು, ಎರಡು ವರ್ಷವಾಗುತ್ತ ಬಂದಿತ್ತು. ಅವಳ ಅಮ್ಮ ಮರಿಯಾನ್ನಾ ಬಾಣಲೆಯನ್ನು ಇನ್ನೂ ಅಟ್ಟದಿಂದ ಇಳಿಸಿರಲಿಲ್ಲ. ಎದುರು ಮನೆಯ ಕತೆರೀನಾ ಒಂದು ಮಾತೂ ಕೇಳದೆ, ಎರಡನೆಯ ಸಲವೂ ಮಗನ ಕೈಯಲ್ಲಿ ತಟ್ಟೆ ಕಳಿಸಿದ್ದಳು.

ತಟ್ಟೆ ಕೈ ಬದಲಾಗುವಾಗ ಅವನು ತನ್ನ ಅಂಚನ್ನು ಬಿಡಲಿಲ್ಲ.

"ಸೆರಫೀನಾ, ಒಂದಿನ ಅಮ್ಮನ್ನ ಕರ್ಕೊಂಡು ಬರ್ಲಾ? ತಟ್ಟೆ ಇಲ್ದೆ. ಮಾತಾಡೋಕೆ."

ಯಾವ ಮಾತೆಂದು ಅವಳಿಗೆ ಗೊತ್ತಾಯಿತು. ಒಳಗೆ ಅಮ್ಮ ಕೆಮ್ಮಿದಳು. ಗಾಬರಿಯಲ್ಲಿ ಸೆರಫೀನಾಳ ಬಾಯಿಗೆ ಬಂದದ್ದು ಇಷ್ಟೇ: "ಬಾಣಲೆ ಇಡದ ಮನೇಲಿ ಮದುವೆ ಮಾತಾಡ್ತಾರಾ ಯಾರಾದ್ರೂ? ಅಷ್ಟೂ ಗೊತ್ತಿಲ್ವಾ ನಿಂಗೆ?"

ಸ್ವಲ್ಪ ತಡೆ ಎಂದು ಅವಳು ಹೇಳಹೊರಟಿದ್ದಳು. ಅದು ಕಪಾಳಕ್ಕೆ ಹೊಡೆದ ಹಾಗೆ ಹೊರಬಿತ್ತು.

"ಗೊತ್ತು," ಎಂದ ಕೋಸಿಮೊ. ತಟ್ಟೆ ಬಿಟ್ಟ. ಓಣಿ ದಾಟಿ ಹೋದ. ಜನವರಿಯ ಹೊತ್ತಿಗೆ ಅವನ ಮುಖದಲ್ಲಿ ಮೀಸೆ ಇರಲಿಲ್ಲ.

ಆಮೇಲೆ ಒಂದಿಡೀ ವರ್ಷ ಅವರಿಬ್ಬರೂ ನಾಲ್ಕು ಹೆಜ್ಜೆ ಅಗಲದ ಆ ಓಣಿಯ ಎರಡು ಕಡೆ ಬದುಕಿದರು. ಎದುರಾದರೆ ಅವನು ತಲೆಯಾಡಿಸುತ್ತಿದ್ದ. ಅವಳೂ ಆಡಿಸುತ್ತಿದ್ದಳು. ಹೇಳಬೇಕಾದ ಮಾತನ್ನು ಅವಳು ನೀರಿನ ನಲ್ಲಿಯ ಬಳಿ, ಚರ್ಚಿನ ಮೆಟ್ಟಿಲ ಮೇಲೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಳು. ಬಾಯಿ ಮಾತ್ರ ತೆರೆಯಲಿಲ್ಲ.

ನವೆಂಬರಿನಲ್ಲಿ ಕತೆರೀನಾ ಸತ್ತಳು. ಚೆಸ್ಟ್‌ನಟ್ ಸುಲಿಯುತ್ತ ಕೂತವಳು ಕೂತ ಹಾಗೇ ಹೋಗಿದ್ದಳು. ಅವಳನ್ನು ಹೊತ್ತು ಓಣಿಯಲ್ಲಿ ನಡೆಯುವಾಗ ಕೋಸಿಮೊ ಸೆರಫೀನಾಳ ಕಡೆ ತಿರುಗಿದ. ಆದರೆ ಅವನ ಕಣ್ಣಿಗೆ ಅವಳೂ ಕಾಣಲಿಲ್ಲ, ಅವಳ ಹಿಂದಿನ ಗೋಡೆಯೂ ಕಾಣಲಿಲ್ಲ.

ಈಗ ಓಣಿಯಲ್ಲಿ ಬಾಣಲೆ ಇಡದ ಮನೆಗಳು ಎರಡಾದವು. ಎದುರುಬದುರು.

ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಓಣಿಯ ತುದಿಯ ರೊಸೀನಾ ಒಂದು ತಟ್ಟೆ ಹಿಡಿದುಕೊಂಡು ಬಂದಳು.

"ಕತೆರೀನಾ ಇಲ್ವಲ್ಲ, ಅದಕ್ಕೇ ನಿಮ್ಮದೂ ನಾನೇ ತಂದೆ," ಎಂದು ಕುರ್ಚಿಯಲ್ಲಿ ಕುಸಿದಳು. "ಅಲ್ಲಿ ಆ ಹುಡುಗನ ಮನೇಲಿ ನೋಡ್ಬೇಕು ಮರಿಯಾನ್ನಾ, ಮೇಜಿನ ಮೇಲೆ ಆರು ತಟ್ಟೆ. ಒಂದರ ಬಟ್ಟೆನೂ ಸರಿಸಿಲ್ಲ. ನಂದೂ ಅದ್ರಲ್ಲಿದೆ. ನಮ್ಮನೇದು ಅಷ್ಟು ಕೆಟ್ಟಿದೆಯಾ?"

"ಇಡು, ಇಡು," ಎಂದಳು ಮರಿಯಾನ್ನಾ. "ದೇವರು ಒಳ್ಳೇದು ಮಾಡ್ಲಿ."

"ಬೇಡ ರೊಸೀನತ್ತೆ," ಎಂದಳು ಸೆರಫೀನಾ.

ಇಬ್ಬರೂ ಅವಳ ಕಡೆ ತಿರುಗಿದರು. ಶೋಕದ ಮನೆಗೆ ಬಂದ ತಟ್ಟೆಯನ್ನು ಯಾರೂ ಬೇಡ ಎನ್ನುವುದಿಲ್ಲ. ಎಂದರೆ ಅದಕ್ಕೆ ಒಂದೇ ಅರ್ಥ, ತಂದವರ ಮೇಲೆ ಹಗೆ.

"ತಪ್ಪು ತಿಳ್ಕೋಬೇಡಿ. ಈ ಸಲ ನಾವೇ ಬಾಣಲೆ ಇಡ್ತೀವಿ."

ರೊಸೀನಾ ಮರಿಯಾನ್ನಾಳನ್ನು ನೋಡಿದಳು, ಮಗಳನ್ನು ನೋಡಿದಳು. ಬಾಯಿ ತೆರೆದಳು. ಜೀವಮಾನದಲ್ಲಿ ಮೊದಲ ಸಲ ಅದನ್ನು ಹಾಗೇ ಮುಚ್ಚಿ, ತಟ್ಟೆ ಎತ್ತಿಕೊಂಡು ಹೊರಟಳು.

ಬಾಗಿಲು ಹಾಕಿದ ಮೇಲೆ ಮರಿಯಾನ್ನಾ ಮಗಳ ಕಡೆ ತಿರುಗಿದಳು.

"ನನ್ನ ಕೇಳ್ದೆ ಹೇಳಿಬಿಟ್ಯಲ್ಲೇ."

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ. ಬಾಣಲೆ ಇಟ್ರೆ ನಿಮ್ಮಪ್ಪ ನಿಜವಾಗ್ಲೂ ಸತ್ತ ಹಾಗೆ."

"ಸತ್ತಿದ್ದಾನಮ್ಮ. ಕತೆರೀನತ್ತೆ ಎರಡು ವರ್ಷ ನಮಗೆ ತಟ್ಟೆ ಕಳಿಸಿದ್ಳು. ಅವಳ ಮಗ ಅಲ್ಲಿ ಒಬ್ನೇ ಕೂತಿದ್ದಾನೆ. ನಮ್ಮನೆಯಿಂದ ಏನೂ ಹೋಗಿಲ್ಲ. ಕರೀದೆ ಹೇಗೆ ಕೊಡೋದು?"

"ಅಷ್ಟೇನಾ?"

"ಅಷ್ಟೇ ಅಲ್ಲ."

ಮರಿಯಾನ್ನಾ ಮಗಳ ಮುಖವನ್ನೇ ನೋಡಿದಳು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಯ ಊಟಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಸೆರಫೀನಾ ಏಣಿ ಹಾಕಿ ಅಟ್ಟದಿಂದ ಬಾಣಲೆ ಇಳಿಸಿದಳು. ಜೇಡರ ಬಲೆ ತೆಗೆದು ತೊಳೆದಳು. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಬೆಚ್ಚಗೆ ಮಾಡಿ, ಚಕ್ಕೆಪುಡಿ ಹಾಕಿ, ಕಿತ್ತಳೆ ಸಿಪ್ಪೆ ತುರಿದು, ಹಿಟ್ಟು ಸುರಿಯತೊಡಗಿದಳು. ಎಷ್ಟು ಹಿಟ್ಟು? ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು, "ಹಿಡಿದಷ್ಟು." ಎಷ್ಟು ಹಿಡಿಯುತ್ತದೆಂದು ಕೈಗೆ ಗೊತ್ತಿರಬೇಕು. ಅವಳ ಕೈಗೆ ಗೊತ್ತಿರಲಿಲ್ಲ. ಮುದ್ದೆ ಕಲ್ಲಿನ ಹಾಗಾಯಿತು. ಬುಟ್ಟಿಯ ಬೆನ್ನಿಗೆ ಒಂದೊಂದೇ ತುಂಡನ್ನು ಒತ್ತಿ ಒತ್ತಿ ಹೆಬ್ಬೆರಳು ನೋಯತೊಡಗಿತು. ಕೆಲವು ಸುರುಳಿಯಾದವು, ಕೆಲವು ಹರಿದವು.

ಒಲೆ ಹೊತ್ತಿಸಿ ಎಣ್ಣೆ ಇಟ್ಟು, ಊರಿನ ಎಲ್ಲ ಹೆಂಗಸರ ಹಾಗೆ ಬಾಣಲೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. ಎಣ್ಣೆ ನಿಶ್ಚಲವಾಗಿತ್ತು. ಕಾದಿದೆಯೋ ಇಲ್ಲವೋ ತಿಳಿಯದು. ಮೊದಲ ಸರತಿಯನ್ನು ಅವಸರದಲ್ಲಿ ಹಾಕಿದಳು, ಅದು ಎಣ್ಣೆ ಕುಡಿದು ಮಲಗಿತು. ಎರಡನೆಯದಕ್ಕೆ ಕಾದಳು, ಕಾಯುತ್ತ ಅಳು ಬಂತು, ಆ ಸರತಿ ಸುಟ್ಟುಹೋಯಿತು.

ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಹಿಂದಿನಿಂದ ದನಿ ಬಂತು.

"ಈಗ ಹಾಕು."

ಮರಿಯಾನ್ನಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಳಗೆ ಬರಲಿಲ್ಲ. ಸೆರಫೀನಾ ಹಾಕಿದಳು. ತುಂಡುಗಳು ಗುಳುಗುಳು ಎನ್ನುತ್ತ ಮೇಲೆದ್ದು ಬಂದವು.

"ಅಮ್ಮ, ಒಂದು ತಿಂತೀಯಾ?"

"ನಾನು ತಿನ್ನಲ್ಲ. ನೀನು ತಗೊಂಡು ಹೋಗು." ಸ್ವಲ್ಪ ಹೊತ್ತು ಬಿಟ್ಟು, "ಪಾಕ ಜಾಸ್ತಿ ಹಾಕು. ಗಟ್ಟಿಯಾಗಿವೆ," ಎಂದಳು.

ಕೋಸಿಮೊ ಬಾಗಿಲು ತೆರೆದಾಗ ಮಧ್ಯಾಹ್ನದ ಬಿಸಿಲು ಓಣಿಯ ಒಂದು ಗೋಡೆಯ ಮೇಲಷ್ಟೇ ಇತ್ತು. ಗಡ್ಡ ಬೆಳೆದಿತ್ತು. ಕೋಟಿನ ಕಾಲರಿಗೆ ಶೋಕದ ಕಪ್ಪು ಗುಂಡಿ. ಅವನ ಹಿಂದೆ ಮೇಜಿನ ಮೇಲೆ ಆರು ತಟ್ಟೆಗಳು, ಗೋಡೆಯಲ್ಲಿ ಕತೆರೀನಾಳ ಫೋಟೊ, ಅದರ ಮುಂದೆ ಒಂದು ಮೋಂಬತ್ತಿ.

"ಬಾ," ಎಂದ. ತಟ್ಟೆ ತೆಗೆದುಕೊಂಡು ಉಳಿದವುಗಳ ಪಕ್ಕ ಇಟ್ಟ. "ಸಾವಿನ ಮನೆಗೆ ಕೊಡೋದು ರಿವಾಜು. ಮರಿಯಾನ್ನತ್ತೆಗೆ ಥ್ಯಾಂಕ್ಸ್ ಹೇಳು. ಯಾರ ಹತ್ರ ಮಾಡಿಸಿದ್ರಿ?"

"ನಾನೇ ಮಾಡಿದ್ದು."

"ಎಲ್ಲಿ?"

"ಮನೇಲಿ."

ಅವನ ಕೈ ತಟ್ಟೆಯ ಮೇಲೆಯೇ ನಿಂತಿತು. ನಿಧಾನವಾಗಿ ಬಟ್ಟೆ ಸರಿಸಿದ. ವಕ್ರವಾದವು, ಹರಿದವು, ಅಂಚು ಕಪ್ಪಾದವು. ಒಂದನ್ನು ಎತ್ತಿ ಕಚ್ಚಿದ.

"ಸುಟ್ಟಿದೆ."

"ಗೊತ್ತು."

"ಗಟ್ಟಿಯಾಗೂ ಇದೆ."

"ಹಲ್ಲು ಇದೆಯಲ್ಲ ನಿಂಗೆ."

ಅವನು ಇನ್ನೊಂದು ತೆಗೆದುಕೊಂಡ. ತಿನ್ನುತ್ತಿದ್ದವನು ಇದ್ದಕ್ಕಿದ್ದಂತೆ ಕೂತುಬಿಟ್ಟ. ನವೆಂಬರಿನಿಂದ ಅವನು ಯಾರೆದುರೂ ಅತ್ತಿರಲಿಲ್ಲ. ಈಗ ಬಾಯಲ್ಲಿ ತುರ್ದಿಲ್ಲಿ ಇಟ್ಟುಕೊಂಡೇ ಅತ್ತ. ಸೆರಫೀನಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

ಅವನು ಮುಖ ಒರೆಸಿಕೊಂಡ ಮೇಲೆ ಹೇಳಿದಳು, "ರಿವಾಜಿಗೆ ಆರು ತಟ್ಟೆ ಬಂದಿವೆ ಕೋಸಿಮೊ. ಇದು ರಿವಾಜಿಗಲ್ಲ. ಹೋದ ವರ್ಷ ನಾನು ಬೇಡ ಅನ್ನಲಿಲ್ಲ. ತಡಿ ಅನ್ಬೇಕಿತ್ತು. ಹೇಳೋಕೆ ಬರ್ಲಿಲ್ಲ. ಆಮೇಲೆ ವರ್ಷಪೂರ್ತಿ ಬರ್ಲಿಲ್ಲ."

ಅವನು ಅಮ್ಮನ ಫೋಟೊ ನೋಡಿದ. "ನಿಂಗೆ ಇಷ್ಟ ಇಲ್ಲ ಅಂತ ನಾನು ಅಮ್ಮನ ಹತ್ರ ಹೇಳ್ದೆ. ಅಮ್ಮ ನಂಬ್ಲಿಲ್ಲ. 'ಕತ್ತೆ, ಇನ್ನೊಂದ್ಸಲ ಕೇಳು' ಅಂದ್ಳು. ಕೇಳ್ಲಿಲ್ಲ. ಕೇಳಿದ್ದಿದ್ರೆ ಅಮ್ಮ ಅದನ್ನ ನೋಡಿಕೊಂಡಾದ್ರೂ ಹೋಗ್ತಿದ್ಳು."

ಇಬ್ಬರೂ ಒಂದೊಂದು ತುರ್ದಿಲ್ಲಿ ತಿಂದರು. ಮೋಂಬತ್ತಿ ಒಂದು ಬೆರಳಗಲ ಕರಗಿತು.

"ಈಗ ಕೇಳು," ಎಂದಳು.

"ಇಲ್ಲಿ ಕೇಳೋ ಹಾಗಿಲ್ಲ."

"ಗೊತ್ತು."

ಅವನು ಅವಳನ್ನೇ ನೋಡಿದ. ಎದ್ದು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈಯಿಂದ ಕೂದಲು ಸರಿಮಾಡಿಕೊಂಡು, ಹೊಸ್ತಿಲು ದಾಟಿ ಹೊರಗೆ ಹೋದ. ಓಣಿಯ ನಟ್ಟನಡುವೆ, ಎರಡು ಮನೆಗಳಿಗೂ ಸೇರದ ಕಲ್ಲುಹಾಸಿನ ಮೇಲೆ ನಿಂತ. ಸೆರಫೀನಾಳೂ ಹೋಗಿ, ತನ್ನ ಮನೆಗೆ ಬೆನ್ನು ಮಾಡಿ ಅವನ ಎದುರು ನಿಂತಳು. ಇಬ್ಬರ ಉಸಿರೂ ಬಿಳಿ ಹೊಗೆಯಾಗಿ ಬೆರೆಯುತ್ತಿತ್ತು.

"ಒಂದು ವರ್ಷ ಆಗುತ್ತೆ," ಎಂದ. "ನಮ್ಮನೇಲೂ ಬಾಣಲೆ ಇಡೋವರೆಗೆ. ಅಮ್ಮನಿಗೆ ಒಂದು ದಿನಾನೂ ಕಮ್ಮಿ ಮಾಡಲ್ಲ ನಾನು."

"ಮಾಡಿದ್ರೆ ನಾನೇ ಒಪ್ಪಲ್ಲ."

"ಹಾಗಾದ್ರೆ... ನನ್ನ ಮದುವೆ ಆಗ್ತೀಯಾ?"

ಅದು ಪಿಸುಮಾತಿಗಿಂತ ಸ್ವಲ್ಪವೇ ಜೋರಾಗಿತ್ತು. ಓಣಿಯ ತುದಿಯಲ್ಲಿ ಒಂದು ಕಿಟಕಿ ಕಿರುಗುಟ್ಟಿತು.

"ಗಟ್ಟಿಯಾಗಿ ಹೇಳೋ ಕತ್ತೆ," ರೊಸೀನಾಳ ದನಿ ಬಂತು, "ವಯಸ್ಸಾದವರಿಗೆ ಕೇಳಿಸ್ಬೇಡ್ವಾ!"

ಅವನ ಕಿವಿ ಕೆಂಪಾಯಿತು. ಸೆರಫೀನಾ ನಗಲಿಲ್ಲ. ಹಿಂದೆ, ಅವಳ ಮನೆಯ ತೆರೆದ ಬಾಗಿಲಿನೊಳಗಿಂದ, ಅಮ್ಮ ಬಾಣಲೆ ಉಜ್ಜುತ್ತಿದ್ದ ಸದ್ದು ಬರುತ್ತಿತ್ತು. ಅದನ್ನು ಒಂದು ಗಳಿಗೆ ಕೇಳಿಸಿಕೊಂಡಳು.

"ಆಗ್ತೀನಿ," ಎಂದಳು. ಕಿಟಕಿಗೂ ಕೇಳುವ ಹಾಗೆ, ಅಡುಗೆಮನೆಗೂ ಕೇಳುವ ಹಾಗೆ.

ಉಜ್ಜುವ ಸದ್ದು ನಿಂತಿತು. ಅವಳು ಹಿಂದೆ ತಿರುಗದೆ ಕಾದಳು. ಕೋಸಿಮೊನೂ ಕಾದ.

ಆಮೇಲೆ, ಮೊದಲಿಗಿಂತ ನಿಧಾನವಾಗಿ, ಅದು ಮತ್ತೆ ಶುರುವಾಯಿತು.