ಮೂರನೇ ಗಂಟು ಬೀಳುವವರೆಗೆ

"ಎತ್ರೀ ಆ ಡಬ್ಬನ! ಅದು ನಮ್ಮಪ್ಪ ಕೂರೋ ಜಾಗ!"

ಯಳಂದೂರಿನ ಕಲ್ಯಾಣ ಮಂಟಪದಲ್ಲಿ ಧನುಶ್ರೀ ಹೆಗಲ ಮೇಲಿನ ಡೋಲನ್ನೂ ಇಳಿಸದೆ ಕೂಗಿದಳು. ಸ್ಪೀಕರಿನ ಹಿಂದಿನಿಂದ ಎದ್ದ ಮುಖ ನೋಡಿ ಮೈಯೆಲ್ಲ ಉರಿಯಿತು.

ಗುರುಪ್ರಕಾಶ್! ಕೊಳ್ಳೇಗಾಲದ ಸೌಂಡ್ ಸಿಸ್ಟಮ್ ಅಂಗಡಿಯವನು. ಹೋದ ತಿಂಗಳು ಅವಳ ಹೆಸರಿಟ್ಟು ಎಐ ಆ್ಯಪಿನಲ್ಲಿ ಹಾಡು ಮಾಡಿಸಿ ಕಳಿಸಿದ್ದ. ಅವಳು ಅವತ್ತೇ ನಂಬರ್ ಬ್ಲಾಕ್ ಮಾಡಿದ್ದಳು. 'ಪ್ರೀತಿ ಹೇಳೋಕೂ ಮಿಷನ್ ಬೇಕಾ ಇವನಿಗೆ!'

"ಗಂಡಿನೋರು ಏಳಿದ್ದು ಕಣ್ರಿ..." ಅವನು ತಡವರಿಸಿದ.

ಗಂಡಿನ ತಂದೆ ಶಾಂತಮೂರ್ತಿ ಅಡ್ಡ ಬಂದರು. "ಈಗ ಎಐ ವಾಲಗ ಬಂದದೆ ಕಣವ್ವ, ಲ್ಯಾಪ್‌ಟಾಪೇ ನುಡಿಸ್ತದೆ. ನೀವು ಊಟ ಮಾಡ್ಕಂಡು ಓಗಿ."

ಹೆಣ್ಣಿನವರು ಕರೆದರೆಂದು ಅಪ್ಪ, ಮಗಳು ಹನೂರಿನಿಂದ ಬಂದಿದ್ದರು! ಅಪ್ಪ ಗುರುಸ್ವಾಮಿ ನಾಗಸ್ವರವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಈ ಮದುವೆ ಹೀಗೇ ನಡೆದುಹೋದರೆ ನಾಳೆಯಿಂದ ಅಪ್ಪನನ್ನು ಯಾರು ಕರೆಯುತ್ತಾರೆ? ಧನುಶ್ರೀಗೆ ಅಳು ಬಂತು. ಅಳು ಬಂದಿದ್ದಕ್ಕೂ ಸಿಟ್ಟು ಬಂತು.

ಹೆಣ್ಣಿನ ತಾಯಿ ಮಹಾದೇವಮ್ಮ ಅಪ್ಪ, ಮಗಳಿಬ್ಬರನ್ನೂ ಹೋಗಲು ಬಿಡದೆ ಮೂಲೆಯಲ್ಲಿ ಕೂರಿಸಿದರು.

"ಗಟ್ಟಿಮೇಳ!" ಪುರೋಹಿತರು ಬೆರಳೆತ್ತಿದರು. ಗುರುಪ್ರಕಾಶ್ ಬಟನ್ ಒತ್ತಿದ.

ಮದುಮಗನ ಬೆರಳು ಬೆವರಿ ಅರಿಶಿನದ ದಾರ ಜಾರುತ್ತಿತ್ತು. ಒಂದು ಗಂಟು ಬೀಳುವಷ್ಟರಲ್ಲಿ ಲ್ಯಾಪ್‌ಟಾಪಿನ ಗಟ್ಟಿಮೇಳ ಮುಗಿದೇ ಹೋಯಿತು! ಮತ್ತೆ ಒತ್ತಿದರೆ, ಮೊದಲಿಂದ ನಿಧಾನವಾಗಿ ಆಲಾಪನೆ!

ಅಷ್ಟರಲ್ಲಿ ಹೆಣ್ಣಿನ ತಾತನ ಮೂಗು ಅರಳಿತು... ತಾಳಿ ಕಟ್ಟುವಾಗ ಸೀನು ಕೇಳಿಸಿಬಿಟ್ಟರೆ!

"ತಡ್ಕಳಿ ಮಾವ!" ಮಹಾದೇವಮ್ಮ ಕಿರುಚಿದರು.

ಗುರುಪ್ರಕಾಶ್ ವೈರನ್ನೇ ಕಿತ್ತೆಸೆದ. "ಧನುಶ್ರೀ, ಬಾರ್ಸ್ರೀ!"

'ಇವನು ಹೇಳಿದರೆ ನಾನು ಬಾರಿಸಬೇಕಾ!' ಆದರೆ ಕೈ ಕೇಳಲಿಲ್ಲ. ಡೋಲು ಗುಡುಗಿತು. ಅಪ್ಪನ ನಾಗಸ್ವರ ಕೂಡಿಕೊಂಡಿತು. ಅವಳ ಕಣ್ಣು ಮದುಮಗನ ಬೆರಳ ಮೇಲೇ ಇತ್ತು. ದಾರ ಜಾರಿದಷ್ಟು ಹೊತ್ತೂ ಬಾರಿಸಿದಳು. ಮೂರನೇ ಗಂಟು ಬಿದ್ದ ಮೇಲೇ ನಿಲ್ಲಿಸಿದಳು. ತಾತ ಸೀನಿದ್ದು ಯಾರಿಗೂ ಗೊತ್ತಾಗಲಿಲ್ಲ.

ಶಾಂತಮೂರ್ತಿ ಅಪ್ಪನ ಕೈ ಹಿಡಿದುಕೊಂಡರು. "ನನ್ನ ಚಿಕ್ಕ ಮಗನ ಮದ್ವೆಗೂ ನೀವೇ ಬರ್ಬೇಕು."

ವೈರು ಸುತ್ತುತ್ತಿದ್ದ ಗುರುಪ್ರಕಾಶನ ಮುಂದೆ ಧನುಶ್ರೀ ಹೋಗಿ ನಿಂತಳು. "ನಮ್ ಒಟ್ಟೆ ಮೇಲೆ ಒಡಿಯೋ ಮುಂಚೆ ಒಂದ್ ಮಾತು ಏಳಕಾಗ್ನಿಲ್ವಾ?"

"ನಾಕು ದಿನದಿಂದ ಫೋನ್ ಮಾಡ್ತಾವ್ನಿ! ಬ್ಲಾಕ್ ಮಾಡ್ಕಂಡಿದ್ರೆ ಎಂಗ್ರೀ ಏಳದು?"

ಅಯ್ಯೋ... ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ.

"ಮತ್ತೆ... ಆ ಮಿಷನ್ ಹಾಡು?"

"ನಾನ್ ಹಾಡಿದ್ರೆ ನೀವು ಓಡೋಯ್ತೀರ ಅಂತ ಭಯ. ಇಷ್ಟಪಟ್ಟಿದ್ದು ಮಿಷನ್ ಅಲ್ಲ ಕಣ್ರಿ... ನಾನು."

"ಅಂಗಾದ್ರೆ ನೀವೇ ಹಾಡಿ."

ಅವನು ಕಣ್ಣು ಮುಚ್ಚಿ ಹಾಡಿದ. ಎರಡೇ ಸಾಲಿಗೆ ಧನುಶ್ರೀ ಹಣೆ ಚಚ್ಚಿಕೊಂಡಳು. "ಶ್ರುತಿನೂ ಇಲ್ಲ, ತಾಳನೂ ಇಲ್ಲ!"

"ನಿಲ್ಲಿಸ್ಬುಡ್ಲಾ?"

"ನಿಲ್ಸಿ ನೋಡಿ!" ಅವಳ ಕಣ್ಣು ತುಂಬಿತ್ತು, ಬೆರಳು ಡೋಲಿನ ಮೇಲಿತ್ತು. "ತಾಳ ನಾನ್ ಆಕ್ತೀನಿ... ಇನ್ನೊಂದ್ಸಲ ಹಾಡಿ."