ನಾನೂರ ಹನ್ನೆರಡು ಗೀಟು

ಅವನು ಪ್ಲಗ್ ಕಿತ್ತೇಬಿಟ್ಟ!

ಪರದೆ ಕಪ್ಪಾಯಿತು. ಮೂವತ್ತು ಮಂದಿ ಪ್ರೋಗ್ರಾಮರುಗಳ ಮುಂದೆ ಅವಳು ಬಾಯಿ ತೆರೆದ ಹಾಗೇ ನಿಂತಳು. ಎರಡು ವರ್ಷ ಒಬ್ಬಳೇ ಕೂತು ಬರೆದ ಪುಟ್ಟ ಡೇಟಾಬೇಸ್ ಎಂಜಿನ್ ಆ ಕಂಪ್ಯೂಟರಿನಲ್ಲಿ ಸಾವಿರಾರು ದಾಖಲೆ ಬರೆದುಕೊಳ್ಳುತ್ತಿತ್ತು. ಇವತ್ತು ಇವರೆಲ್ಲ ಒಪ್ಪಿದರೆ ಕಂಪನಿಯ ಪ್ರತಿ ಆ್ಯಪ್‌ನಲ್ಲೂ ಅದೇ. ಇಲ್ಲದಿದ್ದರೆ ಯಜಮಾನರು ಮೆಚ್ಚಿದ ದೈತ್ಯ ಡೇಟಾಬೇಸ್ ಸರ್ವರ್ ಬರುತ್ತದೆ, ಇವಳ ಕೆಲಸ ಕಸದ ಬುಟ್ಟಿಗೆ.

"ಏನ್ರೀ ಮಾಡಿದ್ರಿ? ತಲೆ ನೆಟ್ಟಗಿದೆಯಾ?"

ಕಿತ್ತವನು ಮೂರನೇ ಮಹಡಿಯ ಟೆಸ್ಟರ್. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದೇ ಅವನ ಹೊಟ್ಟೆಪಾಡು. ಇವಳು ಅವನ ಮುಖ ನೋಡಿದ್ದೇ ಈಗ.

"ಕರೆಂಟ್ ಹೋಯ್ತು ಅಂದ್ಕೊಳ್ಳಿ," ಅಂದ, ತಣ್ಣಗೆ.

ಯಜಮಾನರು ನಕ್ಕರು. "ಸರ್ವರ್ ಬೇಡ, ಒಂದೇ ಫೈಲ್ ಸಾಕು ಅಂತೆ! ಇದು ಡೇಟಾಬೇಸ್ ಅಲ್ಲ, ತಿಂಡಿ ಡಬ್ಬಿ ಅಂತ ಆಗ್ಲೇ ಹೇಳಿದ್ದೆ. ಬರೆದದ್ದೆಲ್ಲ ಹೋಯ್ತಲ್ಲಮ್ಮ, ಕೂತ್ಕೋ."

ಕೂತ್ಕೋ...? ಅವಳ ಕಿವಿ ಬಿಸಿಯಾಯಿತು. ಓಹೋ, ಇವನು ಯಜಮಾನರ ಚೇಲಾ!

"ಕೂರಲ್ಲ ಸಾರ್! ನಿಮ್ಮ ಸರ್ವರಿಗೆ ನೆಟ್‌ವರ್ಕ್ ಬೇಕು, ಕಾಯೋಕೊಬ್ಬ ಆಳು ಬೇಕು. ನಂದು ಆ್ಯಪ್ ಒಳಗೇ ಒಂದು ಮೂಲೇಲಿ ಬಾಳ್ವೆ ಮಾಡತ್ತೆ. ಇರಿ, ಎದ್ದು ಬರ್ಲಿ."

ತಾನೇ ಹೋಗಿ ಪ್ಲಗ್ ಚುಚ್ಚಿದಳು. ಕಂಪ್ಯೂಟರ್ ಏಳುವಷ್ಟರಲ್ಲಿ ದೇವರನ್ನೂ ಟೆಸ್ಟರನ ವಂಶವನ್ನೂ ಒಂದೇ ಉಸಿರಿನಲ್ಲಿ ನೆನೆದಳು.

ಪರದೆ ಬೆಳಗಿತು. ಬರೆದು ಮುಗಿಸಿದ ಒಂದು ದಾಖಲೆಯೂ ಕಳೆದಿರಲಿಲ್ಲ! ಅರ್ಧಕ್ಕೆ ನಿಂತಿದ್ದ ಕೊನೆಯದೊಂದನ್ನು ಮಾತ್ರ ಎಂಜಿನ್ ತಾನಾಗಿ ಅಳಿಸಿ ಚೊಕ್ಕಟ ಮಾಡಿಕೊಂಡಿತ್ತು.

"ನಮ್ಮ ಆ್ಯಪ್‌ಗೆ ಇದೇ ಇರ್ಲಿ," ಹಿಂದಿನ ಸಾಲಿನಲ್ಲೊಂದು ಕೈ ಎದ್ದಿತು. ಆಮೇಲೆ ಇನ್ನೊಂದು, ಮತ್ತೆ ಹತ್ತು... ಯಜಮಾನರಿಗೆ ತುರ್ತಾಗಿ ಫೋನ್ ಬಂತು, ಎದ್ದು ಹೊರಗೆ ಹೋದರು. ಅದು ಬಡಿದುಕೊಂಡದ್ದನ್ನು ಮಾತ್ರ ಯಾರೂ ಕೇಳಲಿಲ್ಲ.

ಗೆದ್ದರೂ ಸಿಟ್ಟು ಇಳಿಯಲಿಲ್ಲ. ಜಗಳ ಬಾಕಿ ಇತ್ತಲ್ಲ! ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ನುಗ್ಗಿದಳು.

ಅವನ ಮೇಜಿನ ಪಕ್ಕದ ಸಾಕೆಟ್ ಗೋಡೆಯಿಂದ ಕಿತ್ತುಬಂದು ಜೋತಾಡುತ್ತಿತ್ತು. ಮೇಜಿನ ಮೇಲೊಂದು ಹಾಳೆ. ಮೇಲ್ತುದಿಯಲ್ಲಿ ಅವಳ ಎಂಜಿನ್ನಿನ ಹೆಸರು, ಕೆಳಗೆ ಬರೀ ಗೀಟು, ಗೀಟು, ಗೀಟು...

"ಏನಿದು?"

"ನಾನೂರ ಹನ್ನೆರಡು ಸಲ ಕಿತ್ತೆ. ನಿಮ್ಮದು ಒಂದ್ಸಲಾನೂ ಸಾಯ್ಲಿಲ್ಲ. ಸಾಕೆಟ್ಟೇ ಸತ್ತೋಯ್ತು."

ಅಂದರೆ... ಕೆಡವಲು ಬಂದವನಲ್ಲ ಇವನು!

"ಮೊದ್ಲೇ ಹೇಳೋಕೆ ಬಾಯಿಗೇನಾಗಿತ್ತು?"

"ಹೇಳಿದ್ರೆ ಇಬ್ರೂ ಸೇರಿ ನಾಟಕ ಆಡ್ತಿದಾರೆ ಅಂತಿದ್ರು. ನಿಮ್ಮ ಬೈಗುಳ ಕೇಳಿದ್ಮೇಲೆ ಯಾರಿಗೂ ಅನುಮಾನ ಉಳೀಲಿಲ್ಲ."

ಅವಳಿಗೆ ನಗು ಬಂತು. ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಹತ್ತು ಸಲ ಸಾಕಿತ್ತಲ್ರೀ!"

ಅವನು ಮೊದಲ ಬಾರಿಗೆ ತಡವರಿಸಿದ. "ಹತ್ತು... ಎಂಜಿನ್ನಿಗೆ. ಉಳಿದದ್ದು ನಿಮಗೋಸ್ಕರ. ಕೋಡ್ ಪಕ್ಕ ಟಿಪ್ಪಣಿ ಬರ್ದಿದ್ರಲ್ಲ, 'ಇಲ್ಲಿ ಕೈ ಹಾಕುವವರಿಗೆ ಗುಂಡಿಗೆ ಗಟ್ಟಿ ಇರಲಿ' ಅಂತ... ಅದನ್ನ ಓದಿದ್ಮೇಲೆ ಬರೆದೋರ ಮೇಲೆ ಮನಸ್ಸಾಯ್ತು. ಬೇರೆ ಕೆಲಸ ಕೈಗೆ ಹತ್ಲಿಲ್ಲ."

ಅವಳು ಪೆನ್ನೆತ್ತಿ, ಹಾಳೆಯಲ್ಲಿ ತಾನೇ ಇನ್ನೊಂದು ಗೀಟು ಎಳೆದಳು.

"ಇವತ್ತಿನದು ಸೇರಿಸಿರಲಿಲ್ಲ. ಇನ್ಮೇಲೆ ನನ್ನ ಕೇಳ್ದೆ ಏನನ್ನೂ ಕೀಳೋ ಹಾಗಿಲ್ಲ."

"ಅಂದ್ರೆ... ಒಪ್ಪಿದ್ರಾ?"

"ನಾನೂರ ಹದಿಮೂರು ಸಲ ಬಿದ್ದು ಎದ್ದ ಎಂಜಿನ್ ಬರೆದೋಳು ಕಣ್ರೀ... ನಿಮ್ಮೊಬ್ಬರನ್ನ ತಡ್ಕೊಳ್ಳಲ್ವಾ?"